ಅತ್ತೆಯ ಹೆಲಿಯೊತ್ರೋಪೊ

ಗಿಡಕ್ಕೆ ಯಾವ ರೋಗವೂ ಇರಲಿಲ್ಲ. ಆ ಶುಕ್ರವಾರ ಬೆಳಿಗ್ಗೆ ಅನ್ಸೆಲ್ಮೊ ಬೆಗಾಸೊನನ್ನು ಕಾಡುತ್ತಿದ್ದದ್ದು ಅದೇ. ಒಣಗಿದ್ದರೆ, ಹುಳು ಬಿದ್ದಿದ್ದರೆ, ಎಲೆಯಡಿ ಬಿಳಿನೊಣ ಕೂತು ಅಂಟು ಸುರಿಸಿದ್ದರೆ, ಒಂದಿಷ್ಟು ಸೋಪಿನ ನೀರು ಚಿಮುಕಿಸಿ ತನ್ನ ಕೆಲಸ ಮುಗಿಯಿತೆನ್ನಬಹುದಿತ್ತು. ಆದರೆ ಈ ಹೆಲಿಯೊತ್ರೋಪೊ ಹಬ್ಬದೂಟ ಮುಗಿಸಿದ ಬಿಷಪ್ಪರ ಹಾಗೆ ಉಬ್ಬಿ ಕೂತಿತ್ತು. ಅಂಗಳದ ಬಿಳಿ ಕಲ್ಲಿನ ಗೋಡೆಗೆ ಒರಗಿ ಅವನ ಎದೆಯೆತ್ತರ ಬೆಳೆದು, ಸುಕ್ಕು ಸುಕ್ಕಾದ ಒರಟು ಕಡುಹಸಿರು ಎಲೆಗಳನ್ನು ಒಂದರ ಮೇಲೊಂದು ಹೇರಿಕೊಂಡು, ನಾಚಿಕೆಯಿಲ್ಲದೆ ಮಿರುಗುತ್ತಿತ್ತು. ಹೂವು ಮಾತ್ರ ಒಂದೂ ಇರಲಿಲ್ಲ. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಕೊಂಬೆಕೊಂಬೆಯ ತುದಿಗೂ ನೇರಳೆ ಬಣ್ಣದ ಸಣ್ಣ ಹೂಗಳ ಗೊಂಚಲು ಕಂಬಳಿಹುಳದಂತೆ ಸುರುಳಿ ಬಿಚ್ಚಿಕೊಂಡು, ಮಧ್ಯಾಹ್ನದ ಬಿಸಿಲಿಗೆ ಇಡೀ ಮನೆ ವೆನಿಲಾ ಹಾಕಿ ಕುದಿಸಿದ ಹಾಲಿನಂತೆ ಘಮಘಮಿಸುತ್ತಿತ್ತು. ಆ ಘಮದಲ್ಲಿ, ಕಟ್ಟುಹಲ್ಲು ಮಾಡಿ ಬದುಕುವ ಅನ್ಸೆಲ್ಮೊನ ಮೇಣ, ಪ್ಲಾಸ್ಟರು, ಹಲ್ಲು ಬೇಯಿಸುವ ಪಾತ್ರೆಯ ನಾತ ಎಲ್ಲ ಮುಚ್ಚಿಹೋಗುತ್ತಿತ್ತು. ಈಗ ಅಕ್ಟೋಬರ್ ಬಂದಾಗಿತ್ತು. ಅವರ ಬಡಾವಣೆ ಯಾನಾವಾರದ ಹೆಂಗಸರು ನೇರಳೆ ಬಣ್ಣದ ಹರಕೆಯ ನಿಲುವಂಗಿ ತೊಟ್ಟು ಸೊಂಟಕ್ಕೆ ಬಿಳಿ ಹುರಿ ಬಿಗಿದು ಓಡಾಡುತ್ತಿದ್ದರು. ನಾಡಿದ್ದು ಭಾನುವಾರ ಶಿಲುಬೆಯ ಮೇಲಿನ ಪವಾಡಗಳ ಪ್ರಭುವಿನ ಪಲ್ಲಕ್ಕಿ ಈ ಓಣಿಗೆ ಬಂದು, ಅತ್ತೆಯ ಬಾಗಿಲಲ್ಲಿ ನಿಂತು, ಅತ್ತೆ ತನ್ನ ಗಿಡದ ಹೂಗಳನ್ನು ತಟ್ಟೆ ತುಂಬ ತಂದು ಸುರಿಯುವುದನ್ನು ಕಾಯಲಿತ್ತು. ಅನ್ಸೆಲ್ಮೊ ಒಂದು ಕೊಂಬೆಯನ್ನು ಬಗ್ಗಿಸಿ ತುದಿ ನೋಡಿದ. ಎಲೆ. ಇನ್ನೊಂದು. ಅದೂ ಎಲೆಯೇ.

ಕಾರಣ ಅವನಿಗೆ ಗೊತ್ತಿತ್ತು. ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು, ಮತ್ತು ಗೊತ್ತಿರುವುದು ಮೂತ್ರಕೋಶದ ಆಸುಪಾಸಿನಲ್ಲೇ ಎಲ್ಲೋ ಭಾರವಾಗಿ ಕೂತಿತ್ತು. ಐವತ್ತು ದಾಟಿದ ಮೇಲೆ ಅವನ ದೇಹ ಬೆಳಗಿನ ಜಾವಕ್ಕೆ ಅವನನ್ನು ಎಬ್ಬಿಸಿ ಕಕ್ಕಸಿಗೆ ಓಡಿಸತೊಡಗಿತ್ತು. ಕಕ್ಕಸು ಇದ್ದದ್ದು ಹಿತ್ತಿಲ ಕೊನೆಯಲ್ಲಿ. ಅಲ್ಲಿಗೆ ಹೋಗುವುದೆಂದರೆ ಅತ್ತೆಯ ಕೋಣೆಯ ಮುಂದೆಯೇ ಹಾಯಬೇಕು. ಅತ್ತೆ ದೊನ್ಯಾ ಪೆರ್ಪೆತುವಾ ಆ ಹೊತ್ತಿಗೆ ಎದ್ದು, ಬಾಗಿಲು ತೆರೆದಿಟ್ಟುಕೊಂಡು, ಹಾಸಿಗೆಯ ಅಂಚಿನಲ್ಲಿ ಕೂತು ಜಪಸರ ಎಣಿಸುತ್ತಿರುತ್ತಿದ್ದಳು. ಮಣಿಗಳ ಜೊತೆ ಅಳಿಯನನ್ನೂ ಎಣಿಸುತ್ತಿದ್ದಳು. “ನಮೋ ಮರಿಯಾ… ಮತ್ತೆ ಹೊರಟ್ಯಾ ಅನ್ಸೆಲ್ಮೊ? ನೀನೇನು ಮನುಷ್ಯನೋ ಕಾಲುವೆನೋ?” ಎಂದು, ಉಸಿರು ಬದಲಿಸದೆ ಮತ್ತೆ ದೇವಮಾತೆಗೆ ಮರಳುತ್ತಿದ್ದಳು. ಅಲ್ಲಿನ ಚಳಿಗಾಲವಾದ ಜೂನ್ ತಿಂಗಳ ಒಂದು ಬೆಳಿಗ್ಗೆ, ಊರಂಚಿನ ಜ್ವಾಲಾಮುಖಿಯ ಕಡೆಯಿಂದ ಮೂಳೆ ಕೊರೆಯುವ ಗಾಳಿ ಬೀಸುತ್ತಿದ್ದಾಗ, ಅವನು ಹಿತ್ತಿಲಿಗೆ ಹೋಗುವ ಬದಲು ಮುಂದಿನ ಅಂಗಳಕ್ಕೆ ಬಂದು ಹೆಲಿಯೊತ್ರೋಪೊದ ಬುಡದಲ್ಲಿ ನಿಂತ. ಆವಿ ಎದ್ದಿತು. ಯಾರೂ ಏನೂ ಕೇಳಲಿಲ್ಲ. ಮದುವೆಯಾದಂದಿನಿಂದ ಈ ಮನೆಯಲ್ಲಿ ಯಾರೂ ಏನೂ ಕೇಳದೆ ಅವನು ಮಾಡಿದ ಮೊದಲ ಕೆಲಸ ಅದೇ ಇರಬೇಕು. ಮರುದಿನವೂ ಬಂದ. ಮೊದಮೊದಲು ಅವಸರಕ್ಕೆ ಬರುತ್ತಿದ್ದ, ಆಮೇಲೆ (ಇದನ್ನು ತನಗೆ ತಾನೇ ಹೇಳಿಕೊಳ್ಳಲು ಅವನಿಗೆ ಒಂದು ತಿಂಗಳು ಹಿಡಿಯಿತು) ಸುಖಕ್ಕೆ. ಯಾಕೆಂದರೆ ಅದು ಅವನ ಹೆಂಡತಿ ದೆಲ್ಫಿನಾಳ ಗಿಡ.

ದೆಲ್ಫಿನಾ ಹುಟ್ಟಿದಾಗ ಪೆರ್ಪೆತುವಾ ತವರಿನ ತೋಟದಿಂದ ಒಂದು ತುಂಡು ತಂದು ನೆಟ್ಟದ್ದು. ಬುಡ ಮುದಿಯಾಗಿ ಕಟ್ಟಿಗೆಯಾದಾಗಲೆಲ್ಲ ಅದರದೇ ಎಳೆಯ ತುಂಡು ಮುರಿದು ಪಕ್ಕದಲ್ಲಿ ಊರಿ, ಬೇರು ಹಿಡಿಸಿ, ಹಳೆಯದನ್ನು ಕಿತ್ತರೂ ಅವಳ ಲೆಕ್ಕದಲ್ಲಿ ಅದು ಒಂದೇ ಗಿಡ. ಅವಳು ಅದನ್ನು ‘ಹುಡುಗಿ’ ಎನ್ನುತ್ತಿದ್ದಳು. ಮಂಡಿ ಬಾಗುವುದು ನಿಂತುಹೋದ ಮೇಲೆ ಕೋಲು ಹಿಡಿದು ಬೆತ್ತದ ಕುರ್ಚಿಯಲ್ಲಿ ಕೂತು ಅಳಿಯನ ಕೈಯಿಂದ ಅದನ್ನು ಸಾಕುತ್ತಿದ್ದಳು. ತುದಿ ಚಿವುಟು, ಚಿವುಟಿದರೆ ಕವಲೊಡೆಯುತ್ತೆ, ಕವಲೊಡೆದಲ್ಲೆಲ್ಲ ಹೂವು. “ಹಾಗಲ್ಲ! ಹಲ್ಲು ಕೀಳ್ತಿದ್ದೀಯೇನೋ? ಉಗುರಲ್ಲಿ, ಉಗುರಲ್ಲಿ!” ನೀರು ಬುಡಕ್ಕೆ, ಎಲೆಗಲ್ಲ, ಬಿಸಿಲೇರುವ ಮುಂಚೆ. ಬಾಡಿದ ಗೊಂಚಲು ಆವತ್ತಾವತ್ತೇ ಕತ್ತರಿಸು. ಅನ್ಸೆಲ್ಮೊ ಈ ಮನೆಗೆ ಬಂದಾಗ ಪುದೀನಕ್ಕೂ ತುರಿಕೆ ಸೊಪ್ಪಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಈಗ ಬೆರಳು ಮಣ್ಣಿಗೆ ಚುಚ್ಚಿದರೆ ಸಾಕು, ಗಿಡಕ್ಕೆ ಬಾಯಾರಿದೆಯೋ ಇಲ್ಲವೋ ತಿಳಿಯುತ್ತಿತ್ತು. ಒಂದು ದಿನ ನೀರು ತಪ್ಪಿದರೆ ಎಲೆಗಳನ್ನೆಲ್ಲ ಜೋತುಬಿಟ್ಟು ಸತ್ತೇಹೋದಂತೆ ನಟಿಸಿ, ನೀರು ಕಂಡ ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುವ ಅದರ ಬಿನ್ನಾಣ ನೋಡಿ, ಇದು ದೆಲ್ಫಿನಾಳೇ ಸರಿ ಅಂದುಕೊಳ್ಳುತ್ತಿದ್ದ. ಅವಳು ಬಿಟ್ಟುಹೋಗಿ ನಾಲ್ಕು ವರ್ಷವಾಯಿತು. ಆವತ್ತಿನಿಂದ ಅತ್ತೆ ಮಗಳ ಹೆಸರು ಎತ್ತಿಲ್ಲ. ದಿನ ಬೆಳಗಾದರೆ ಕೇಳುತ್ತಿದ್ದದ್ದು ಇಷ್ಟೇ: “ಹುಡುಗಿಗೆ ನೀರು ಹಾಕಿದ್ಯಾ?” ಜೂನ್‌ನಿಂದ ಈಚೆಗೆ ಆ ಪ್ರಶ್ನೆಗೆ “ಹಾಕಿದೆ ಅತ್ತೆ” ಎನ್ನುವಾಗ ಅನ್ಸೆಲ್ಮೊನ ತುಟಿಯ ಒಂದು ಮೂಲೆ ತನ್ನಷ್ಟಕ್ಕೆ ಅದುರುತ್ತಿತ್ತು.

“ಕೊಮಾದ್ರೆ! ಎಲ್ಲಿ ಹೂವು?”

ಅತ್ತೆಯನ್ನು ಸಲಿಗೆಯಿಂದ ಕೊಮಾದ್ರೆ, ಅಂದರೆ ಗೆಳತಿ, ಎಂದು ಕರೆಯುವ, ಬಾಗಿಲು ತಟ್ಟುವ ಅಭ್ಯಾಸವಿಲ್ಲದ ಸೊರಾಯ್ದಾ ಪೋಸ್ತಿಗೊ ಅಂಗಳದ ನಡುವೆ ನಿಂತಿದ್ದಳು. ಓಣಿಯ ಭಕ್ತೆಯರ ಸಂಘಕ್ಕೆ ಅವಳೇ ಮುಂದಾಳು. ನೇರಳೆ ನಿಲುವಂಗಿ ಅವಳ ಮೈಮೇಲೆ ಹೊಲಿಗೆ ಬಿಟ್ಟುಕೊಳ್ಳುವಷ್ಟು ಬಿಗಿದಿತ್ತು. ಅವಳ ಮೇಲಿನ ಸಾಲು ಹಲ್ಲು ಅನ್ಸೆಲ್ಮೊನದೇ ಕೈಕೆಲಸ. ಮಾತಿಗೊಮ್ಮೆ ಅದು ‘ಟಕ್’ ಎನ್ನುತ್ತಿತ್ತು, ಪ್ರತಿ ಟಕ್ಕಿಗೂ ಅವನು ಒಳಗೊಳಗೇ ಕುಗ್ಗುತ್ತಿದ್ದ. ಪೆರ್ಪೆತುವಾ ಕೋಲೂರಿಕೊಂಡು ಹೊರಬಂದು ಕುರ್ಚಿಯಲ್ಲಿ ಕೂತಳು.

“ಬರ್ತವೆ,” ಅಂದಳು.

“ಬರ್ತವೆ ಅಂದ್ರೆ ಯಾವಾಗ ಕೊಮಾದ್ರೆ? ನಾಡಿದ್ದು ಪ್ರಭು ಬಂದು ಬಾಗಿಲಲ್ಲಿ ನಿಲ್ತಾನೆ. ಅವನಿಗೆ ಸೊಪ್ಪು ಹಾಕ್ತೀರಾ? ಪ್ರಭು ಏನು ಕತ್ತೆನಾ?”

“ಕತ್ತೆನೂ ಮುಟ್ಟಲ್ಲ ಇದನ್ನ. ತಿಂದ್ರೆ ಲಿವರ್ ಹೋಗುತ್ತೆ.”

ಸೊರಾಯ್ದಾ ಗಿಡದ ಸುತ್ತ ಒಂದು ಸುತ್ತು ಬಂದಳು. ಮೂಗು ಅರಳಿಸಿದಳು.

“ವಾಸನೆನೂ ಒಂಥರಾ ಇದೆ.”

“ಪಕ್ಕದ ಮನೆ ಬೆಕ್ಕು,” ಅಂದಳು ಪೆರ್ಪೆತುವಾ. “ನಿನ್ನೆ ತಾನೇ ಚಪ್ಪಲೀಲಿ ಬಿಟ್ಟಿದೀನಿ ಒಂದು. ಸೊಂಟಕ್ಕೇ ಬಿತ್ತು.”

ಆ ಬೆಕ್ಕನ್ನು ಅನ್ಸೆಲ್ಮೊ ಬೆಳಿಗ್ಗೆ ನೋಡಿದ್ದ. ಗೋಡೆಯ ಮೇಲೆ ಕುಂಟುತ್ತ ಹೋಗುತ್ತಿದ್ದ ಅದು ಅರೆಕ್ಷಣ ನಿಂತು ಅವನನ್ನೇ ನೋಡಿತ್ತು. ಏನಾದರೂ ಹೇಳಬೇಕೆನ್ನಿಸಿ ಅವನು ಗಂಟಲು ಸರಿಮಾಡಿಕೊಂಡ. “ಗೊಬ್ಬರದ ಅಂಶ ಜಾಸ್ತಿ ಆದ್ರೆ ಬರೀ ಎಲೆ ಬರುತ್ತೆ ಅಂತಾರೆ, ಅತ್ತೆ. ಸತ್ವ ಎಲ್ಲ ಎಲೆಗೇ ಹೋಗಿ…”

“ಯಾವ ಗೊಬ್ಬರ? ನಾನು ಹಾಕ್ಸೇ ಇಲ್ವಲ್ಲ ಗೊಬ್ಬರ.”

ಅನ್ಸೆಲ್ಮೊ ಬಗ್ಗಿ ಒಂದು ತುದಿ ಚಿವುಟಿದ.

“ಗೊಬ್ಬರ ಅಲ್ಲ, ಮಣ್ಣೂ ಅಲ್ಲ,” ಅಂದಳು ಸೊರಾಯ್ದಾ, ಟಕ್. “ನಮ್ಮ ಚಿಕ್ಕಮ್ಮನ ಮನೇಲೂ ಹೀಗೇ ಆಯ್ತು. ಅವಳು ಒಡಹುಟ್ಟಿದ ತಂಗಿ ಜೊತೆ ಮಾತು ಬಿಟ್ಟಿದ್ಲು. ಆ ವರ್ಷ ಮನೇಲಿದ್ದ ಜೆರೇನಿಯಂ ಒಂದೂ ಬಾಯಿ ಬಿಡ್ಲಿಲ್ಲ. ತಂಗೀನ ಕರೆದು ಊಟಕ್ಕಿಟ್ಲು ನೋಡಿ, ವಾರಕ್ಕೆಲ್ಲ ಮೊಗ್ಗು! ಮನೇಲಿ ಯಾರದಾದ್ರೂ ಎದೆ ಕಲ್ಲಾಗಿದ್ರೆ ಪ್ರಭು ಹೂ ಮುಚ್ಚಿಬಿಡ್ತಾನೆ. ನಾನು ಯಾರ ಬಗ್ಗೆನೂ ಹೇಳ್ತಾ ಇಲ್ಲ, ಕೊಮಾದ್ರೆ. ಜೆರೇನಿಯಂ ಬಗ್ಗೆ ಹೇಳ್ತಿದೀನಿ.”

ಪೆರ್ಪೆತುವಾ ಬೈದು ಅಟ್ಟುತ್ತಾಳೆಂದು ಅನ್ಸೆಲ್ಮೊ ಕಾದ. ಅವಳು ಬೈಯಲಿಲ್ಲ. ಕೋಲಿನ ತುದಿಯಿಂದ ಒಂದು ಎಲೆಯನ್ನು ಎತ್ತಿ, ಅದರ ಅಡಿಯಲ್ಲಿ ಯಾರೋ ಅವಿತಿದ್ದಾರೇನೋ ಎಂಬಂತೆ ಬಗ್ಗಿ ನೋಡಿದಳು.

ಮಧ್ಯಾಹ್ನ ಶುಕ್ರವಾರದ ಚುಪೆ. ಸೀಗಡಿಯ ಸಾರಿನ ಕೆಂಪು ಆವಿ ಇಬ್ಬರ ನಡುವೆ ಏಳುತ್ತಿತ್ತು. ಅವಳು ಸೀಗಡಿಯ ತಲೆಯನ್ನು ಹೀರಿ ತಟ್ಟೆಯ ಅಂಚಿಗಿಟ್ಟು, “ದೆಲ್ಫಿನಾಗೆ ಫೋನ್ ಮಾಡ್ತೀನಿ,” ಅಂದಳು. ನಾಲ್ಕು ವರ್ಷಗಳ ಮೇಲೆ ಆ ಹೆಸರು ಆ ಬಾಯಿಂದ ಬಂದದ್ದು ಇಷ್ಟು ಸಲೀಸಾಗಿ, ಉಪ್ಪು ಕೊಡು ಎಂದಂತೆ. ಅನ್ಸೆಲ್ಮೊನ ಚಮಚ ದಾರಿಯಲ್ಲೇ ನಿಂತಿತು. “ಬರ್ಲಿ. ಓಡಿಸ್ಕೊಂಡು ಹೋದ ಅವನನ್ನೂ ಕರ್ಕೊಂಡು ಬರ್ಲಿ. ಪ್ರಭು ಬಾಗಿಲಿಗೆ ಬಂದಾಗ ನನ್ನ ಮನೇಲಿ ಹೂ ಇರ್ಬೇಕು. ಎದೆ ಕಲ್ಲು ಮಾಡ್ಕೊಂಡಿದ್ದು ನಾನೇ, ಇನ್ನ್ಯಾರು.” ಅವಳು ಅವನ ಕಡೆ ನೋಡಲಿಲ್ಲ. ಅವನು ಕೇಳಲೂ ಇಲ್ಲ, ನಾನು ಎಲ್ಲಿರಲಿ ಎಂದು. ಕೇಳಿದ್ದರೆ ಅವಳಿಗೆ ಆ ಸಂಗತಿ ಆಗಷ್ಟೇ ನೆನಪಾಗುತ್ತಿತ್ತೇನೋ ಎಂಬ ಭಯ ಅವನಿಗೆ. ಈ ಮನೆಯಲ್ಲಿ ಅವನಿಗಿದ್ದ ಹಕ್ಕೆಂದರೆ ಅತ್ತೆಯ ಸಿಟ್ಟು ಒಂದೇ. ಅದು ಗಟ್ಟಿಯಾಗಿರುವ ತನಕ ಅವನ ತಲೆಯ ಮೇಲೆ ಸೂರು. ಹೆಂಡತಿ ಓಡಿಹೋದ ಮೇಲೂ ಹೆಂಡತಿಯ ತಾಯಿಯ ಮನೆಯಲ್ಲಿ ಉಳಿದ ಗಂಡಸು ಯಾನಾವಾರದಲ್ಲಿ ಬೇರೆ ಯಾರಿದ್ದಾರೆ? ಊಟದಂಗಡಿ ಪಿಕಾಂತೆರಿಯಾದಲ್ಲಿ ಮೆಕ್ಕೆಜೋಳದ ಹೆಂಡ ಚಿಚಾ ಕುಡಿಯಲು ಕೂತರೆ, “ಏನಪ್ಪಾ ಅನ್ಸೆಲ್ಮೊ, ಮಗಳನ್ನ ಬಿಟ್ಟು ಅಮ್ಮನ್ನ ಇಟ್ಕೊಂಡ್ಯಂತೆ,” ಎಂದು ಗ್ಲಾಸು ಎತ್ತುತ್ತಿದ್ದರು. ಅವನೂ ನಕ್ಕು ಗ್ಲಾಸು ಎತ್ತುತ್ತಿದ್ದ. ದೆಲ್ಫಿನಾ ಹೋದ ದಿನ ಅವನು ಇದೇ ಸೊರಾಯ್ದಾಳ ಬಾಯಿಯ ಅಚ್ಚು ತೆಗೆಯುತ್ತಿದ್ದ. ಬಾಯಿ ತುಂಬ ಪ್ಲಾಸ್ಟರು. ಗಟ್ಟಿಯಾಗುವ ತನಕ ಹಿಡಿದುಕೊಂಡೇ ಇರಬೇಕು, ಬಿಟ್ಟರೆ ಕೆಟ್ಟಿತು. ದೆಲ್ಫಿನಾ ಮುಂಬಾಗಿಲ ಕೋಣೆಯ ಹೊಸ್ತಿಲಲ್ಲಿ ನಿಂತು, “ಅನ್ಸೆಲ್ಮೊ, ನಾನು ಹೋಗ್ತೀನಿ,” ಅಂದಳು. ಅವನು ತಿರುಗದೆಯೇ, “ಹೂಂ, ಬರ್ತಾ ಈರುಳ್ಳಿ ತಾ,” ಅಂದ. ಸೊರಾಯ್ದಾಳ ಕಣ್ಣುಗಳು ಮಾತ್ರ ದೊಡ್ಡವಾದವು, ಗಂಟಲಲ್ಲಿ ಗೊರಗೊರ ಸದ್ದಾಯಿತು. ಅವಳಿಗೆ ಸೂಟ್‌ಕೇಸು ಕಾಣಿಸುತ್ತಿತ್ತು. ಅಲುಗಬೇಡಿ ಸೆನ್ಯೋರಾ ಎಂದು ಅನ್ಸೆಲ್ಮೊ ಅವಳ ಗದ್ದವನ್ನು ಇನ್ನಷ್ಟು ಬಲವಾಗಿ ಒತ್ತಿ ಹಿಡಿದಿದ್ದ. ಆಮೇಲೆ ಗೊತ್ತಾಯಿತು, ಅವಳು ಹೋದದ್ದು ತಾಕ್ನಾ ಊರಿನವನ ಜೊತೆ, ರುಪೆರ್ತೊ ಅಂತ, ಹಾಸಿಗೆ ಅಂಗಡಿ ಇಟ್ಟಿದ್ದಾನೆ. ಹಾಸಿಗೆ! ಬೇರೆ ಯಾವ ವ್ಯಾಪಾರವಾಗಿದ್ದರೂ, ಮೊಳೆ, ಸಿಮೆಂಟು, ಗುಜರಿ, ಅವನು ತಡೆದುಕೊಳ್ಳುತ್ತಿದ್ದ.

ಊಟವಾದ ಮೇಲೆ ಅನ್ಸೆಲ್ಮೊ ಪ್ಯಾಂಟು ಮಡಿಸಿಕೊಂಡು ಅಂಗಳಕ್ಕಿಳಿದ. ಕಾಲುವೆಯ ನೀರಿನ ಸರದಿ ಅವರದಿತ್ತು. ಹಲಗೆ ಎತ್ತಿ ನೀರು ಬಿಟ್ಟ. ಬುಡ ಮುಳುಗುವಷ್ಟು ನಿಲ್ಲಿಸಿ, ಇನ್ನೊಂದು ಕಡೆಯಿಂದ ಹರಿಯಲು ಬಿಟ್ಟು, ಮತ್ತೆ ನಿಲ್ಲಿಸಿದ. ಮಣ್ಣಿನಲ್ಲಿ ತಾನು ಸೇರಿಸಿದ್ದೆಲ್ಲ ತೊಳೆದುಹೋಗಲಿ. ಒಲೆಯ ಬೂದಿ ತಂದು ಉದುರಿಸಿದ. ಹೀಗೆ ಮಾಡಿದರೆ ಹೂ ಬರುವುದು ಮುಂದಿನ ತಿಂಗಳಿಗೋ ಡಿಸೆಂಬರಿಗೋ ಎಂದು ಅವನಿಗೆ ಗೊತ್ತಿತ್ತು. ಭಾನುವಾರದ ಒಳಗೆ ಒಂದು ಮೊಗ್ಗು ಬಂದರೂ ಅದು ನಿಜವಾದ ಪವಾಡವೇ, ಆಗ ಅವನೂ ನೇರಳೆ ತೊಡಲು ಸಿದ್ಧ. ಪಾದದವರೆಗೆ ತಣ್ಣಗಿನ ಕೆಸರಿನಲ್ಲಿ ನಿಂತು ಅವನು ಯೋಚಿಸಿದ: ಹೇಳಿಬಿಟ್ಟರೆ? ಅತ್ತೆ, ಇದು ಪ್ರಭುವಿನ ಸಂಕೇತವಲ್ಲ, ನನ್ನ ಮೂತ್ರ. ಹೇಳಿದರೆ ಅವಳು ಮಗಳನ್ನು ಕರೆಯುವುದಿಲ್ಲ, ಅವನ ಸೂರು ಉಳಿಯುತ್ತದೆ. ಆದರೆ ಅದನ್ನು ಹೇಳಿದ ಮೇಲೆ ಆ ಸೂರಿನ ಕೆಳಗೆ ಅವಳ ಎದುರು ಕೂತು ಹೇಗೆ ಸಾರು ಹೀರುವುದು? ಹೇಳದಿದ್ದರೆ ತಾಯಿ ಮಗಳು ಒಂದಾಗುತ್ತಾರೆ, ಅವನು ಹಲ್ಲಿನ ಅಚ್ಚುಗಳ ಮೂಟೆ ಹೊತ್ತು ಬೀದಿಗೆ ಬೀಳುತ್ತಾನೆ. ತನ್ನ ಮೂತ್ರಕ್ಕೆ ಇಷ್ಟು ಶಕ್ತಿ ಇದೆಯೆಂದು ಅವನು ಎಂದೂ ಎಣಿಸಿರಲಿಲ್ಲ. ನಾಲ್ಕು ವರ್ಷ ಪಾದ್ರಿಗಳು, ನೆಂಟರು, ಸಂಘದವರು ಯಾರೂ ಕರಗಿಸಲಾಗದ ಎದೆಯನ್ನು ಅದು ಕರಗಿಸಿತ್ತು. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ನಾಚಿಕೆ.

ಊಟದ ಕೋಣೆಯ ಕಿಟಕಿ ತೆರೆದಿತ್ತು. ಫೋನಿನಲ್ಲಿ ಮಾತಾಡುವಾಗ ಪೆರ್ಪೆತುವಾ ದೂರದ ಊರಿಗೆ ದನಿ ತಲುಪಿಸಲೆಂದು ಕೂಗುತ್ತಿದ್ದಳು.

“ನಾನು… ನಾನು ಕಣೇ, ನಿಮ್ಮಮ್ಮ… ಇಲ್ಲ, ಯಾರೂ ಸತ್ತಿಲ್ಲ. ಯಾಕೆ, ಸತ್ರೆ ಮಾತ್ರ ಫೋನ್ ಮಾಡ್ಬೇಕಾ?… ಗಿಡ ಹೂ ಬಿಟ್ಟಿಲ್ಲ. ಹೂವು! ಹೆಲಿಯೊತ್ರೋಪೊ! ಒಂದೂ ಇಲ್ಲ, ಬರೀ ಎಲೆ… ಅದಕ್ಕೇ. ಪ್ರಭು ಹೇಳ್ತಾ ಇದಾನೆ ನಿನ್ನ ಕ್ಷಮಿಸು ಅಂತ. ನಂಗೇನೂ ಮನಸ್ಸಿರ್ಲಿಲ್ಲ, ಅವನು ಹೇಳ್ತಿದಾನೆ ಅಂತ ಕ್ಷಮಿಸ್ತಿದೀನಿ. ಭಾನುವಾರದೊಳಗೆ ಬಂದ್ಬಿಡು… ಏನು? ಏನಂದೆ?… ದೆಲ್ಫಿನಾ. ದೆಲ್ಫಿನಾ?”

ಅನ್ಸೆಲ್ಮೊ ಕಿಟಕಿಯ ಹತ್ತಿರ ಸರಿದು ನೋಡಿದ. ಅವಳು ರಿಸೀವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಸತ್ತ ಕೋಳಿಯನ್ನು ಇಟ್ಟುಕೊಂಡ ಹಾಗೆ. ಅದರೊಳಗಿನಿಂದ ಕೂಂ ಕೂಂ ಎಂಬ ಸದ್ದು ಬರುತ್ತಿತ್ತು. ತನ್ನ ಗೆಲುವು ಎಂದು ಅವನು ಅದನ್ನು ಗುರುತಿಸಿದ. ಬರುವುದಿಲ್ಲ. ಅವಳು ಬರುವುದಿಲ್ಲ. ಅವನು ಬಾಯಿ ಬಿಡಬೇಕಾದ್ದಿಲ್ಲ, ಮೂಟೆ ಕಟ್ಟಬೇಕಾದ್ದಿಲ್ಲ, ಎಲ್ಲ ಮೊದಲಿನಂತೆಯೇ. ಕಾಲು ತೊಳೆದುಕೊಂಡು ಮುಂದಿನ ಕೋಣೆಗೆ ಹೋಗಿ ಕೆಲಸಕ್ಕೆ ಕೂತ. ದೀಪ ಹಚ್ಚಿ ಮೇಣ ಕರಗಿಸಿದ. ಯಾರದೋ ಕೆಳದವಡೆಯ ಅಚ್ಚು ಎದುರಿಗಿತ್ತು. ಮೇಣ ಆರಿತು. ಮತ್ತೆ ಕರಗಿಸಿದ, ಮತ್ತೆ ಆರಿತು. ಒಳಗಿಂದ ಕೋಲಿನ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ, ಬೈಗುಳ ಇಲ್ಲ. ಅವನು ಬಂದಾಗಿನಿಂದ ಈ ಮನೆ ಇಷ್ಟು ಹೊತ್ತು ಸುಮ್ಮನಿದ್ದದ್ದು ನೆನಪಿಲ್ಲ. ದೆಲ್ಫಿನಾ ಹೋದ ದಿನ ಕೂಡ ಅತ್ತೆ ಸಂಜೆಯ ತನಕ ಒಬ್ಬೊಬ್ಬರನ್ನೇ ಹೆಸರು ಹಿಡಿದು ಶಪಿಸುತ್ತ ಅಡುಗೆ ಮಾಡಿದ್ದಳು. ಅವನ ಮುಂದೆ ತಟ್ಟೆಯಿಟ್ಟು, “ನೀನಿರು. ಅವಳು ನನ್ನ ಮಗಳಲ್ಲ. ತಿನ್ನು,” ಅಂದಿದ್ದಳು. ಅವನು ತಿಂದಿದ್ದ. ಅಳುವ ಬದಲು ಎರಡು ಸಲ ಬಡಿಸಿಕೊಂಡು ತಿಂದಿದ್ದ. ಅದು ಎಂಥ ಹೊಟ್ಟೆ, ಎಂಥ ಮನುಷ್ಯ! ದೀಪ ಆರಿಸಿ ಎದ್ದ.

ಅತ್ತೆ ಊಟದ ಕೋಣೆಯ ಅದೇ ಕುರ್ಚಿಯಲ್ಲಿದ್ದಳು. ರಿಸೀವರನ್ನು ಯಥಾಸ್ಥಾನಕ್ಕೆ ಇಟ್ಟಿದ್ದಳು, ಅಷ್ಟೇ.

“ಅತ್ತೆ,” ಅಂದ. “ಅದು ಪ್ರಭು ಅಲ್ಲ. ನಾನು.”

“ನೀನೇನು?”

“ಗಿಡ ಹೂ ಬಿಡದೆ ಇರೋದು. ನನ್ನಿಂದ. ನಾನು ಬೆಳಿಗ್ಗೆ… ಅಂಗಳಕ್ಕೆ ಹೋಗಿ… ಬುಡಕ್ಕೆ…”

“ಬಾಯಲ್ಲಿ ಹಲ್ಲು ಇಟ್ಕೊಂಡಿದೀಯ ತಾನೇ? ಬಿಡಿಸಿ ಹೇಳು.”

“ಉಚ್ಚೆ ಹೊಯ್ತಿದ್ದೆ.”

ಪೆರ್ಪೆತುವಾ ಅವನನ್ನು ಬಹಳ ಹೊತ್ತು ನೋಡಿದಳು. ಆ ನೋಟ ಅವನ ಮುಖದಿಂದ ಶುರುವಾಗಿ ನಿಧಾನಕ್ಕೆ ಕೆಳಗಿಳಿದು, ಅಲ್ಲಿ ತಂಗಿ, ಮತ್ತೆ ಮೇಲೆ ಬಂತು.

“ನನ್ನ ಹುಡುಗಿ ಮೇಲೆ.”

“ಮೇಲಲ್ಲ. ಬುಡಕ್ಕೆ.”

“ಯಾವಾಗಿಂದ?”

“ಜೂನ್‌ನಿಂದ.”

“ದಿನಾ?”

“ದಿನಾ.”

“ಭಾನುವಾರಾನೂ?”

ಅವನು ತಲೆ ತಗ್ಗಿಸಿದ. “ಭಾನುವಾರಾನೂ.”

“ನಾನು ಆ ಬೆಕ್ಕಿನ ಸೊಂಟ ಮುರಿದೆನಲ್ಲೋ!” ಅಂದಳು. ಕೋಲು ಎತ್ತುತ್ತಾಳೆಂದು ಅವನು ಕಾದ. ಎತ್ತಿದ್ದರೆ ಹಗುರಾಗುತ್ತಿತ್ತು. ಅವಳು ಎತ್ತಲಿಲ್ಲ. ಅವಳ ಮುಖದಲ್ಲಿ ಇನ್ನೇನೋ ಲೆಕ್ಕ ನಡೆಯುತ್ತಿತ್ತು. “ಹಾಗಾದ್ರೆ ಪ್ರಭು ಏನೂ ಹೇಳಿಲ್ಲ,” ಅಂದಳು ಕೊನೆಗೆ, ದನಿ ಸಣ್ಣದಾಗಿ. “ಯಾರೂ ಹೇಳ್ದೇನೇ ನಾನು ಅವಳಿಗೆ ಫೋನ್ ಮಾಡ್ದೆ. ನಿನ್ನ ಉಚ್ಚೆ ನಂಬ್ಕೊಂಡು. ಅವಳು ಏನಂದ್ಲು ಗೊತ್ತಾ? ‘ಹೂ ಬೇಕಾದ್ರೆ ಸಂತೇಲಿ ಸಿಗ್ತವೆ, ನನ್ನ ಯಾಕೆ ಕೇಳ್ತೀಯ’ ಅಂದ್ಲು. ಇಟ್ಬಿಟ್ಲು.”

ಮಂಡಿ ಬಾಗದ ಆ ಹೆಂಗಸು ಒಳಗೆ ಎಲ್ಲೋ ಬಾಗಿದ್ದಳು, ಮತ್ತು ಬಾಗಿದ್ದು ಅವನಿಂದ, ಅವನ ಆ ಆವಿಯೇಳುವ ಪುಟ್ಟ ಸೇಡಿನಿಂದ. ಅವನಿಗೆ ದೆಲ್ಫಿನಾಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೂವಿಗಾಗಿ ಕ್ಷಮಿಸುತ್ತೇನೆ ಅಂದರೆ ಯಾವ ಮಗಳು ಬಂದಾಳು? ಅವನು ಗೋಡೆಯ ಬದಿಗೆ ಹೋಗಿ ರಿಸೀವರ್ ಎತ್ತಿದ. ತಾಕ್ನಾದ ಆ ನಂಬರು ಅವನಿಗೆ ಬಾಯಿಪಾಠ. ಅದನ್ನು ಎಷ್ಟು ಸಲ ಅರ್ಧ ತಿರುಗಿಸಿ ಇಟ್ಟಿದ್ದನೆಂಬುದು ಅತ್ತೆಗೆ ತಿಳಿಯದ ಇನ್ನೊಂದು ಸಂಗತಿ. ಈ ಸಲ ಪೂರ್ತಿ ತಿರುಗಿಸಿದ.

“ಅಮ್ಮ, ಮತ್ತೆ ಶುರು ಮಾಡ್ಬೇಡ…”

“ನಾನು ಅನ್ಸೆಲ್ಮೊ.”

ಆಚೆ ಕಡೆ ರೇಡಿಯೊ ಹಾಡುತ್ತಿತ್ತು. ಯಾರೋ ಗಂಡಸು ಕೆಮ್ಮಿದ. ರೇಡಿಯೊ ಸಣ್ಣಗಾಯಿತು.

“ಏನು?” ಅಂದಳು ದೆಲ್ಫಿನಾ.

“ನಿಮ್ಮಮ್ಮ ಹೇಳಿದ ಕಾರಣ ಸುಳ್ಳು. ಪ್ರಭು ಏನೂ ಹೇಳಿಲ್ಲ. ಗಿಡ ಹೂ ಬಿಡದೆ ಇರೋದು ನನ್ನಿಂದ. ನಾನು ದಿನಾ ಬೆಳಿಗ್ಗೆ ಅದರ ಬುಡಕ್ಕೆ ಉಚ್ಚೆ ಹೊಯ್ತಿದ್ದೆ.” ಎರಡನೆಯ ಸಲ ಹೇಳುವಾಗ ಆ ಮಾತು ಸಲೀಸಾಗಿ ಬಂತು.

“ನನ್ನ ಗಿಡಕ್ಕಾ?”

“ಹೂಂ.”

“ನನ್ನ ಗಿಡ ಅಂತಾನಾ?”

“ಮೊದಲು ಅರ್ಜೆಂಟಿಗೆ. ಆಮೇಲೆ… ನಿನ್ನ ಗಿಡ ಅಂತ.”

ಮೊದಲು ಅದು ಅಳುವೆಂದೇ ಅವನಿಗನ್ನಿಸಿತು. ಆಮೇಲೆ ತಿಳಿಯಿತು, ನಗು. ಮೂಗಿನಿಂದ ಹೊರಟು, ತಡೆಯಲಾಗದೆ ಗಂಟಲಿಗಿಳಿದು, ಅಲ್ಲಿಂದ ಹೊಟ್ಟೆಗಿಳಿದು, ಉಸಿರಿಗೆ ಒದ್ದಾಡಿ ಮತ್ತೆ ಮೊದಲಿನಿಂದ ಶುರುವಾಗುವ ನಗು. “ಅಯ್ಯೋ ದೇವರೇ… ಆ ನೇರಳೆ ಅಂಗಿ ಹೆಂಗಸರು ಬಂದು… ಅದನ್ನ ಮೂಸಿ…” ಅನ್ನುತ್ತಿದ್ದಳು, ಮುಗಿಸಲಾಗುತ್ತಿರಲಿಲ್ಲ. ಅನ್ಸೆಲ್ಮೊ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ನಿಂತ. ಜೊತೆಗೆ ಬಾಳಿದ ಅಷ್ಟೂ ವರ್ಷಗಳಲ್ಲಿ ತಾನು ಆಡಿದ ಮಾತಿಗೆ ಇವಳ ಬಾಯಿಂದ ಹೀಗೊಂದು ನಗು ಹೊರಟದ್ದಿಲ್ಲ. ಒಂದು ಸಲವೂ ಇಲ್ಲ. ಈ ನಗು ಅವಳೊಳಗೆ ಇತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ಹಾಸಿಗೆಯವನಿಗೆ ಗೊತ್ತಿತ್ತೇನೋ.

ನಗು ನಿಂತಿತು. “ಆವತ್ತು ನೀನು ಈರುಳ್ಳಿ ತಾ ಅಂದೆ,” ಅಂದಳು.

“ಗೊತ್ತು.”

“ತಾಕ್ನಾ ಬರೋವರೆಗೂ ಬಸ್ಸಲ್ಲಿ ಅಳ್ತಾನೇ ಇದ್ದೆ. ನಿನಗೋಸ್ಕರ ಅಲ್ಲ. ಆ ಈರುಳ್ಳಿಗೋಸ್ಕರ.”

ಅವನು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದ.

“ಪ್ರಭು ಹೇಳ್ಲಿಲ್ಲ ಅಂದ್ರೆ, ಮತ್ತೆ ಅಮ್ಮ ಯಾಕೆ ಫೋನ್ ಮಾಡಿದ್ಲು?”

“ನಿನ್ನ ನೋಡ್ಬೇಕು ಅಂತ,” ಅಂದ ಅನ್ಸೆಲ್ಮೊ. “ಬೇರೆ ಕಾರಣ ಯಾವ್ದೂ ಉಳಿದಿಲ್ಲ.”

ಹಿಂದಿನಿಂದ ಒಂದು ಕೈ ಬಂದು ರಿಸೀವರನ್ನು ಕಿತ್ತುಕೊಂಡಿತು. ಪೆರ್ಪೆತುವಾ ಅದನ್ನು ಬಾಯಿಗೆ ತೀರ ಹತ್ತಿರ ಹಿಡಿದು, ಕಣ್ಣು ಮುಚ್ಚಿಕೊಂಡು ಕೂಗಿದಳು: “ಬರೋದಾದ್ರೆ ನಾಳೆ ಬಸ್ಸಿಗೇ ಬಾ. ಬರ್ತಾ ಹೂ ತಗೊಂಡು ಬಾ, ನೇರಳೆ ಬಣ್ಣದ್ದು. ನಮ್ಮನೇಲಿ ಒಂದೂ ಇಲ್ಲ!” ಉತ್ತರಕ್ಕೆ ಕಾಯದೆ, ಉತ್ತರಕ್ಕೆ ಹೆದರಿದವಳಂತೆ, ಥಟ್ಟನೆ ಇಟ್ಟುಬಿಟ್ಟಳು. ಇಟ್ಟ ಮೇಲೂ ಕೈ ತೆಗೆಯಲಿಲ್ಲ. ಇಬ್ಬರೂ ಫೋನನ್ನೇ ನೋಡುತ್ತ ನಿಂತರು. ಅದು ಬಡಿದುಕೊಂಡಿತು. ಅವಳು ಎತ್ತಿದಳು, ಕೇಳಿದಳು, “ಹೂಂ,” ಅಂದಳು, ಇನ್ನೊಂದು ಸಲ “ಹೂಂ,” ಅಂದು ಕೆಳಗಿಟ್ಟಳು. “ಬರ್ತಾಳಂತೆ,” ಅಂದಳು. ಅವಳ ಮುಖ ಕಾಣದಿರಲೆಂದು ಅವನು ಕಿಟಕಿಯಾಚೆ ನೋಡಿದ.

“ಜೊತೆಗೆ ಅವನೂ ಬರ್ತಾನಾ? ಹಾಸಿಗೆಯವನು?” ಎಂದು ಕೇಳಿದ.

“ಬಂದ್ರೆ ಬರ್ಲಿ. ಮಲಗೋಕೆ ಅವನದೇ ಒಂದು ಹೊತ್ಕೊಂಡು ಬರ್ಲಿ.”

“ನಾನು ಗಂಟು ಕಟ್ಕೊಳ್ಳಾ ಅತ್ತೆ?”

“ಕಟ್ಕೊ. ನಿನ್ನ ಬಟ್ಟೆ ಬರೆ ಎಲ್ಲ ಅವಳ ಕೋಣೆಯಿಂದ ತೆಗೆದು, ಮುಂದಿನ ಕೋಣೇಲಿ ನಿನ್ನ ಆ ಹಲ್ಲುಗಳ ಜೊತೆ ಇಟ್ಕೊ. ಅಲ್ಲೇ ಮಲಗು.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಅಂದ್ರೆ… ನಾನು ಇಲ್ಲೇ ಇರ್ಲಾ?”

“ಮತ್ತೆ ಎಲ್ಲಿಗೆ ಹೋಗ್ತೀಯ? ನೀನು ಹೋದ್ರೆ ಗಿಡಕ್ಕೆ ನೀರು ಹಾಕೋರು ಯಾರು?” ಅಂದು ಅವಳು ಕೋಲೂರುತ್ತ ಅಡುಗೆಮನೆಯ ಕಡೆ ಹೊರಟಳು. ಬಾಗಿಲಿನ ಹತ್ತಿರ ನಿಂತು, ಪೂರ್ತಿ ತಿರುಗಿ, ಕೋಲನ್ನು ಅವನತ್ತ ಚಾಚಿದಳು.

“ನೀರು ಅಂದೆ. ಕೇಳಿಸ್ತಾ? ನೀರು.”